ಜೀವಕೋಶಗಳ ನಾಮಕರಣ

ಎ*02:11, ಬಿ*40:06.

ಇದು ಬಸ್ಸಿನ ನಂಬರಲ್ಲ, ರೈಲು ಹೊರಡುವ ಹೊತ್ತೂ ಅಲ್ಲ. ನಮ್ಮ ನೆಂಟರೊಬ್ಬರಿಗೆ ಕಿಡ್ನಿ ಕಸಿ ಮಾಡುವ ಮುಂಚೆ ಬಂದ ಪರೀಕ್ಷೆಯ ವರದಿಯಲ್ಲಿ ಹೀಗೆ ಅಚ್ಚಾಗಿತ್ತು. ಏಳನೇ ತರಗತಿ ಓದುತ್ತಿರುವ ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿ, "ಅಜ್ಜೀ, ಮಧ್ಯದಲ್ಲಿ ನಕ್ಷತ್ರ ಯಾಕಿದೆ?" ಎಂದು ಕೇಳಿದಳು. ದೊಡ್ಡವರು ಯಾರೂ ಅದನ್ನು ಕೇಳಿರಲಿಲ್ಲ. ವರದಿ ಕೈಗೆ ಬಂದರೆ ನಾವು ನೋಡುವುದು ಕೊನೆಯ ಸಾಲನ್ನು ಮಾತ್ರ: ಹೊಂದುತ್ತದೋ, ಇಲ್ಲವೋ?

ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳುತ್ತಿದ್ದವಳು ನಾನು. ಅವಳಿಗೆ ಉತ್ತರ ಹೇಳಲು ಕೂತರೆ ಎರಡು ಸಂಜೆ ಬೇಕಾಯಿತು. ಆ ಪುಟ್ಟ ನಕ್ಷತ್ರದ ಹಿಂದೆ ಎಪ್ಪತ್ತು ವರ್ಷಕ್ಕೂ ಮೀರಿದ ಕಥೆಯಿದೆ. ಅದರಲ್ಲಿ ಇಲಿಗಳಿವೆ, ನಾಲ್ಕೈದು ಮಕ್ಕಳನ್ನು ಹೆತ್ತ ತಾಯಂದಿರಿದ್ದಾರೆ, ಒಂದೇ ವಸ್ತುವಿಗೆ ಬೇರೆ ಬೇರೆ ಹೆಸರಿಟ್ಟು ಪರದಾಡಿದ ವಿಜ್ಞಾನಿಗಳಿದ್ದಾರೆ, ಏಳೇ ವರ್ಷ ಬದುಕಿದ ಒಬ್ಬ ಹುಡುಗನಿದ್ದಾನೆ.

ಬಾಗಿಲಲ್ಲಿ ಹಿಡಿದ ತಟ್ಟೆ

ರಕ್ತದ ಗುಂಪು ನಿಮಗೆಲ್ಲ ಗೊತ್ತು. ಎ, ಬಿ, ಎಬಿ, ಓ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಮೊದಲ ಮೂರು ಗುಂಪುಗಳನ್ನು ವಿವರಿಸಿದಾಗ ಅವಕ್ಕೆ ಎ, ಬಿ, ಸಿ ಎಂದೇ ಹೆಸರಿಟ್ಟಿದ್ದರು. ಆ 'ಸಿ' ಆಮೇಲೆ 'ಓ' ಆಯಿತು. ಅದು ಕೆಂಪು ರಕ್ತಕಣಗಳ ಗುರುತು. ಗುಂಪು ನಾಲ್ಕೇ ಆದ್ದರಿಂದ ಮಕ್ಕಳೂ ಬಾಯಿಪಾಠ ಮಾಡಿಬಿಡುತ್ತಾರೆ.

ಕೆಂಪು ಕಣಗಳನ್ನು ಬಿಟ್ಟರೆ ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಮೇಲೂ ಇನ್ನೊಂದು ಬಗೆಯ ಗುರುತು ಇದೆ. ಅದಕ್ಕೆ ಎಚ್‌ಎಲ್‌ಎ ಎನ್ನುತ್ತಾರೆ. ಇದೊಂದು ಪ್ರೋಟೀನು. ಕೋಶದ ಒಳಗೆ ತಯಾರಾಗಿ ಹೊರಮೈಗೆ ಬಂದು ನಿಲ್ಲುತ್ತದೆ. ಅದರ ತುದಿಯಲ್ಲಿ ಒಂದು ಸಣ್ಣ ತಗ್ಗು. ಕೋಶದ ಒಳಗಿನ ಪ್ರೋಟೀನುಗಳ ಚೂರುಗಳನ್ನು ಆ ತಗ್ಗಿನಲ್ಲಿ ಇಟ್ಟುಕೊಂಡು ಹೊರಗೆ ತೋರಿಸುವುದೇ ಅದರ ಕೆಲಸ. ಮನೆಯ ಬಾಗಿಲಲ್ಲಿ ನಿಂತು, "ನೋಡಪ್ಪ, ಇವತ್ತು ನಮ್ಮ ಅಡುಗೆಮನೆಯಲ್ಲಿ ಬೆಂದದ್ದು ಇದು" ಎಂದು ತಟ್ಟೆ ಹಿಡಿದ ಹಾಗೆ. ಬೀದಿಯಲ್ಲಿ ಗಸ್ತು ತಿರುಗುವವು ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು, ಟಿ ಕೋಶಗಳು. ಅವು ಪ್ರತಿ ತಟ್ಟೆಯನ್ನೂ ಇಣುಕಿ ನೋಡುತ್ತವೆ. ಮನೆಯ ಅಡುಗೆಯೇ ಆಗಿದ್ದರೆ ಮುಂದೆ ಹೋಗುತ್ತವೆ. ವೈರಸ್ಸಿನ ಚೂರು ಕಂಡರೆ ಆ ಮನೆಯನ್ನೇ ಕೆಡವಿಬಿಡುತ್ತವೆ. ಹೀಗೆ ಟಿ ಕೋಶಗಳು ಚೂರನ್ನೂ ತಟ್ಟೆಯನ್ನೂ ಒಟ್ಟಿಗೇ ನೋಡುತ್ತವೆ ಎಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ 1974ರಲ್ಲಿ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಬಂತು.

ತಟ್ಟೆಯ ಆಕಾರ ಎಲ್ಲರಲ್ಲೂ ಒಂದೇ ಅಲ್ಲ. ಒಬ್ಬರದು ಅಗಲ, ಒಬ್ಬರದು ಆಳ, ಒಬ್ಬರದಕ್ಕೆ ಅಂಚಿನಲ್ಲಿ ಮಡಿಕೆ. ಇದು ಒಳ್ಳೆಯದೇ. ಊರಿಗೆಲ್ಲ ಒಂದೇ ತರಹದ ತಟ್ಟೆಯಿದ್ದು, ಯಾವುದೋ ಹೊಸ ವೈರಸ್ಸಿನ ಚೂರು ಅದರಲ್ಲಿ ಕೂರದೆ ಹೋದರೆ ಊರಿಗೆ ಊರೇ ಮಲಗಿಬಿಡುತ್ತದೆ. ತೊಂದರೆ ಬರುವುದು ಒಬ್ಬರ ಅಂಗವನ್ನು ಇನ್ನೊಬ್ಬರಿಗೆ ಕಸಿ ಮಾಡುವಾಗ. ಹೊಸ ಕಿಡ್ನಿಯ ಕೋಶಗಳು ಹಿಡಿದ ತಟ್ಟೆಯೇ ಅಪರಿಚಿತ. ಕಾವಲುಗಾರ ಕೋಲು ಎತ್ತುತ್ತಾನೆ. 1954ರ ಡಿಸೆಂಬರಿನಲ್ಲಿ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರಿ ಮಾಡಿದ ಕಿಡ್ನಿ ಕಸಿ ಯಶಸ್ವಿಯಾದದ್ದು ಅದಕ್ಕೇ. ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳು, ತಟ್ಟೆಗಳೂ ತದ್ರೂಪಿ. ಆದರೆ ಎಲ್ಲರಿಗೂ ಅವಳಿ ಇರಬೇಕಲ್ಲ!

ಅವಳಿ ಇಲ್ಲದವರಿಗೆ ಯಾರ ತಟ್ಟೆ ಹೊಂದುತ್ತದೆ ಎಂದು ಹುಡುಕಬೇಕು. ಹುಡುಕಬೇಕಾದರೆ ಮೊದಲು ಪ್ರತಿ ತಟ್ಟೆಗೂ ಒಂದು ಹೆಸರು ಬೇಕು. ಬೆಂಗಳೂರಿನಲ್ಲಿ ಬರೆದ ಹೆಸರನ್ನು ಲಂಡನ್ನಿನವರು ಓದಿದರೂ ಅದೇ ತಟ್ಟೆ ನೆನಪಿಗೆ ಬರಬೇಕು. ಇಷ್ಟು ಸಣ್ಣ ಕೆಲಸ ಎಷ್ಟು ಕಷ್ಟವಾಯಿತು ಎಂಬುದೇ ಈ ಕಥೆ.

ಮೊದಲ ಹೆಸರು ಇಲಿಗೆ

ಲಂಡನ್ನಿನ ಪೀಟರ್ ಗೋರರ್ 1936ರಲ್ಲಿ ಇಲಿಗಳ ರಕ್ತ ಪರೀಕ್ಷಿಸುತ್ತಿದ್ದಾಗ ಒಂದು ಗುರುತು ಸಿಕ್ಕಿತು. ಒಂದು ಇಲಿಯ ಗೆಡ್ಡೆಯನ್ನು ಇನ್ನೊಂದಕ್ಕೆ ಕಸಿ ಮಾಡಿದರೆ ಅದು ಬೆಳೆಯುತ್ತದೋ ಉದುರುತ್ತದೋ ಎಂಬುದಕ್ಕೂ ಆ ಗುರುತಿಗೂ ನಂಟಿತ್ತು. ಗೋರರ್ ತಮ್ಮ ಪಟ್ಟಿಯಲ್ಲಿ ಅದನ್ನು 'ಎರಡು' ಎಂದು ಕರೆದಿದ್ದರು. ಅಮೆರಿಕದ ಬಾರ್ ಹಾರ್ಬರ್ ಎಂಬ ಊರಲ್ಲಿ ಜಾರ್ಜ್ ಸ್ನೆಲ್ ಇದೇ ವಿಷಯವನ್ನು ಬೇರೆ ದಾರಿಯಲ್ಲಿ ಹುಡುಕುತ್ತಿದ್ದರು. ಅಂಗಾಂಶಗಳ ಹೊಂದಾಣಿಕೆಯ ವಂಶವಾಹಿಗಳಿಗೆ ಅವರು 'ಎಚ್' ಎಂಬ ಅಕ್ಷರ ಕೊಟ್ಟಿದ್ದರು. ಇಬ್ಬರೂ ಒಂದೇ ವಸ್ತುವನ್ನು ಹಿಡಿದಿದ್ದಾರೆ ಎಂದು ತಿಳಿದಾಗ ಇವರ ಅಕ್ಷರ, ಅವರ ಅಂಕಿ ಸೇರಿಸಿ 'ಎಚ್-2' ಎಂದರು. 1948ರಲ್ಲಿ ಒಟ್ಟಿಗೆ ಪ್ರಬಂಧವನ್ನೂ ಬರೆದರು. ಜಗಳವಿಲ್ಲ, ತಂಟೆಯಿಲ್ಲ. ಮನುಷ್ಯರ ಸರದಿ ಬಂದಾಗ ಇಷ್ಟು ಸುಲಭವಾಗಲಿಲ್ಲ.

ಪ್ಯಾರಿಸ್ಸಿನ ವೈದ್ಯ ಝಾನ್ ದೋಸೆ ಹೆಸರು ನಮ್ಮ ಮಕ್ಕಳಿಗೆ ನಗು ತರಿಸಬಹುದು, ತರಿಸಲಿ. ಅವರು ರಕ್ತ ಮರುಪೂರಣದ ಕೆಲಸದಲ್ಲಿದ್ದವರು. ಹಲವು ಸಲ ಬೇರೆಯವರ ರಕ್ತ ಪಡೆದ ರೋಗಿಯೊಬ್ಬರ ರಕ್ತದ ಸೀರಮ್, ಅಂದರೆ ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ತಿಳಿದ್ರವ, ಇತರರ ಬಿಳಿ ಕಣಗಳನ್ನು ಮುದ್ದೆಗಟ್ಟಿಸುತ್ತಿತ್ತು. ಇದನ್ನು 1952ರಲ್ಲಿ ಅವರು ಗಮನಿಸಿದರು. ರೋಗಿಯ ಸ್ವಂತ ಕಣಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಎಂದರೆ ಬಿಳಿ ಕಣಗಳಿಗೂ ಗುಂಪುಗಳಿವೆ! 1958ರಲ್ಲಿ ಅಂಥ ಮೊದಲ ಗುರುತನ್ನು ಅವರು ಬೇರ್ಪಡಿಸಿ ವಿವರಿಸಿ 'ಮ್ಯಾಕ್' ಎಂದು ಹೆಸರಿಟ್ಟರು. ಎಂ, ಎ, ಸಿ ಎಂಬುದು ಅವರ ಪ್ರಯೋಗಗಳಿಗೆ ಮತ್ತೆ ಮತ್ತೆ ರಕ್ತ ಕೊಟ್ಟ ಮೂವರ ಹೆಸರಿನ ಮೊದಲಕ್ಷರಗಳು. ವಿಜ್ಞಾನದಲ್ಲಿ ಕಂಡುಹಿಡಿದವರ ಹೆಸರಿಡುವುದು ವಾಡಿಕೆ. ದಾನ ಮಾಡಿದವರ ಹೆಸರಿಟ್ಟದ್ದು ನನಗಂತೂ ಬಹಳ ಹಿಡಿಸಿತು.

ತಾಯಂದಿರ ರಕ್ತ

ಅದೇ 1958ರಲ್ಲಿ ಇನ್ನೂ ಇಬ್ಬರು ಇದೇ ಬಾಗಿಲು ತಟ್ಟಿದರು. ಹಾಲೆಂಡಿನ ಲೈಡನ್ ಊರಿನ ಯಾನ್ ವಾನ್ ರೂಡ್, ಅಮೆರಿಕದ ಸ್ಟ್ಯಾನ್‌ಫರ್ಡಿನ ರೋಸ್ ಪೇನ್. ಇವರಿಬ್ಬರ ಗಮನ ಹೋದದ್ದು ಮಕ್ಕಳನ್ನು ಹೆತ್ತ ತಾಯಂದಿರ ಕಡೆಗೆ. ಅಜ್ಜಿಯಂದಿರು ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳಬೇಕು.

ಹೊಟ್ಟೆಯೊಳಗಿನ ಮಗು ಅರ್ಧ ಅಮ್ಮನದು, ಅರ್ಧ ಅಪ್ಪನದು. ಅಪ್ಪನಿಂದ ಬಂದ ಆ ಅರ್ಧ ಗುರುತು ಅಮ್ಮನ ಮೈಗೆ ಹೊಸತು. ಬಸಿರಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ, ಮಗುವಿನ ಒಂದಿಷ್ಟು ರಕ್ತಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಕೆಲವು ತಾಯಂದಿರ ಮೈ ಅವನ್ನು ನೋಡಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಪ್ರತಿಕಾಯವೆಂದರೆ ಒಂದು ಗುರುತನ್ನೇ ಹುಡುಕಿ ಹೋಗಿ ಅಂಟುವ ಪ್ರೋಟೀನು. ಎರಡನೆಯ ಮಗು, ಮೂರನೆಯ ಮಗು ಆದಂತೆಲ್ಲ ಇದು ಬಲವಾಗಬಹುದು. ಸಾಮಾನ್ಯವಾಗಿ ಮಗುವಿಗೂ ತೊಂದರೆಯಿಲ್ಲ, ತಾಯಿಗೂ ಇಲ್ಲ. ಆದರೆ ಆ ತಾಯಿಯ ಸೀರಮ್ ಒಂದು ಹನಿ ಸಿಕ್ಕರೆ, ಯಾರ ಬಿಳಿ ಕಣಗಳ ಮೇಲೆ ಆಕೆಯ ಗಂಡನ ಗುರುತೇ ಇದೆ ಎಂದು ಅದು ಹೇಳಿಬಿಡುತ್ತದೆ!

ಆಗ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದುವ ಯಂತ್ರಗಳಿರಲಿಲ್ಲ. ಗುರುತು ಹಿಡಿಯಲು ಇದ್ದ ಸಾಧನ ಬಹುಮಟ್ಟಿಗೆ ಈ ಸೀರಮ್ ಒಂದೇ. ಹೆರಿಗೆ ಆಸ್ಪತ್ರೆಗಳಿಂದ ತಾಯಂದಿರ ರಕ್ತ ಪ್ರಯೋಗಾಲಯಗಳಿಗೆ ಬಂತು. ಒಳ್ಳೆಯ ಸೀರಮ್ ಸಿಕ್ಕರೆ ಅದು ಚಿನ್ನಕ್ಕೆ ಸಮ. ಒಂದು ದೇಶದಿಂದ ಇನ್ನೊಂದಕ್ಕೆ ಸಣ್ಣ ಸಣ್ಣ ಕೊಳವೆಗಳಲ್ಲಿ ತುಂಬಿ ಕಳಿಸುತ್ತಿದ್ದರು. ಲಾಸ್ ಏಂಜಲೀಸಿನ ಪಾಲ್ ತೆರಸಾಕಿ 1964ರಲ್ಲಿ ಒಂದು ಉಪಾಯ ಮಾಡಿದರು. ಅಂಗೈಗಿಂತ ಸಣ್ಣ ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಲಾಗಿ ಕುಳಿಗಳು, ಕುಳಿಗೊಂದು ಸೀರಮ್, ಅದೂ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು. ಅದರ ಮೇಲೆ ಪರೀಕ್ಷಿಸಬೇಕಾದವರ ಬಿಳಿ ಕಣಗಳನ್ನು ಹಾಕುವುದು. ಯಾವ ಕುಳಿಯಲ್ಲಿ ಕಣಗಳು ಸತ್ತವೋ ಆ ಗುರುತು ಅವರಲ್ಲಿದೆ. ಒಬ್ಬ ತಾಯಿ ಕೊಟ್ಟ ಒಂದಿಷ್ಟು ರಕ್ತ ಹೀಗೆ ಸಾವಿರಾರು ಪರೀಕ್ಷೆಗಳಿಗೆ ಬಂತು. ಈ ತೆರಸಾಕಿ ಜಪಾನಿ ಮೂಲದವರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಹುಡುಗನಾಗಿದ್ದಾಗ, ಅಮೆರಿಕ ಸರ್ಕಾರ ಅವರ ಕುಟುಂಬವನ್ನು ಶಿಬಿರದಲ್ಲಿ ಕೂಡಿಹಾಕಿತ್ತು. ಅದೇ ಹುಡುಗ ಮಾಡಿದ ತಟ್ಟೆ ದೇಶ ದೇಶಗಳ ಪ್ರಯೋಗಾಲಯಗಳನ್ನು ಸೇರಿತು.

ಆ ತಾಯಂದಿರ ಹೆಸರುಗಳು ಪುಸ್ತಕಗಳಲ್ಲಿ ಇಲ್ಲ. ಎ1, ಎ2, ಬಿ7, ಬಿ8 ಎಂದು ಇಂದು ಓದುವ ಗುರುತುಗಳನ್ನು ಜಗತ್ತಿಗೆ ತೋರಿಸಿಕೊಟ್ಟದ್ದರಲ್ಲಿ ಅವರ ರಕ್ತದ ಪಾಲು ದೊಡ್ಡದು.

ಒಬ್ಬರ ಮ್ಯಾಕ್, ಇನ್ನೊಬ್ಬರ ಎಲ್‌ಎ2

ಈಗ ಗೊಂದಲಕ್ಕೆ ಬರೋಣ. ಒಂದೇ ತರಕಾರಿಗೆ ಊರಿಗೊಂದು ಹೆಸರಿರುವುದು ನಮಗೆ ಹೊಸತಲ್ಲ. ಅಡುಗೆಯಲ್ಲಿ ಅದರಿಂದ ಹೆಚ್ಚು ನಷ್ಟವಿಲ್ಲ. ಕಸಿಯಲ್ಲಿ ಹಾಗಲ್ಲ.

ದೋಸೆಯವರ ಮ್ಯಾಕ್ ಇತ್ತು. ವಾನ್ ರೂಡ್ ತಮ್ಮ ಗುರುತುಗಳಿಗೆ 4ಎ, 4ಬಿ ಎಂದು ಹೆಸರಿಟ್ಟಿದ್ದರು. ನೂರಾರು ಸೀರಮ್‌ಗಳ ಫಲಿತಾಂಶ ತಲೆಯಲ್ಲಿ ಹಿಡಿಯದೆ ಹೋದಾಗ, 1960ರ ದಶಕದ ಆರಂಭದಲ್ಲೇ ಅವರು ಕಂಪ್ಯೂಟರಿನ ಮೊರೆಹೋಗಿದ್ದರು. ರೋಸ್ ಪೇನ್ ಅವರು ವಾಲ್ಟರ್ ಮತ್ತು ಜೂಲಿಯಾ ಬಾಡ್ಮರ್ ದಂಪತಿಯ ಜೊತೆ ಸೇರಿ 1964ರಲ್ಲಿ ಎಲ್‌ಎ1, ಎಲ್‌ಎ2 ಎಂದರು. ಈ ಎಲ್‌ಎ2 ಎಂಬುದು ದೋಸೆಯವರ ಮ್ಯಾಕ್ ಅಲ್ಲದೆ ಬೇರೆ ಏನೂ ಆಗಿರಲಿಲ್ಲ. ಆದರೆ ಅದು ಗೊತ್ತಾಗುವುದು ಹೇಗೆ? ಪ್ಯಾರಿಸ್ಸಿನ ಸೀರಮ್ ಬೇರೆ, ಸ್ಟ್ಯಾನ್‌ಫರ್ಡಿನ ಸೀರಮ್ ಬೇರೆ, ಪರೀಕ್ಷೆ ಮಾಡುವ ಕ್ರಮವೂ ಬೇರೆ.

ಅಮೆರಿಕದ ಡರ್‌ಹ್ಯಾಮ್ ಊರಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಬರ್ನಾರ್ಡ್ ಆಮೋಸ್ 1964ರಲ್ಲಿ ಎಲ್ಲರನ್ನೂ ಕರೆದರು. ಭಾಷಣ ಮಾಡಲು ಅಲ್ಲ. ಅವರವರ ಸಾಮಾನು ಸರಂಜಾಮು ತಂದು, ಒಂದೇ ಕೋಣೆಯಲ್ಲಿ ಕೂತು, ಅದೇ ಜನರ ರಕ್ತವನ್ನು ಎಲ್ಲರೂ ಪರೀಕ್ಷಿಸಬೇಕು ಎಂದು. ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಒಬ್ಬರು ಇದೆ ಎಂದದ್ದನ್ನು ಇನ್ನೊಬ್ಬರು ಇಲ್ಲ ಎಂದರು. ಬೇರೆ ಯಾರಾದರೂ ಆಗಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋಗಿ, ನಾನೇ ಸರಿ ಎಂದು ಬರೆದುಕೊಂಡು ಕೂರುತ್ತಿದ್ದರೋ ಏನೋ. ಇವರು ಮರುವರ್ಷ ಲೈಡನ್ನಿನಲ್ಲಿ ಮತ್ತೆ ಸೇರಿದರು. ಈ ಸಲ ಹೊಂದಾಣಿಕೆ ಕಾಣತೊಡಗಿತು. 1967ರಲ್ಲಿ ಇಟಲಿಯ ಟುರಿನ್‌ನಲ್ಲಿ ರುಜ್ಜೆರೊ ಚೆಪ್ಪೆಲ್ಲಿನಿ ಒಂದು ಜಾಣ ಕೆಲಸ ಮಾಡಿದರು. ಬಿಡಿ ಬಿಡಿ ಜನರ ಬದಲು ಕುಟುಂಬಗಳನ್ನೇ ಕರೆಸಿದರು. ಅಪ್ಪ, ಅಮ್ಮ, ಮಕ್ಕಳು.

ಕುಟುಂಬ ಯಾಕೆ ಬೇಕಿತ್ತು ಎಂದು ಮೊಮ್ಮಗಳಿಗೆ ನಾನು ಉಲ್ಲನ್ ದಾರದಲ್ಲಿ ತೋರಿಸಿದೆ. ನೀವೂ ಮಾಡಿ ನೋಡಬಹುದು. ಎಚ್‌ಎಲ್‌ಎ ವಂಶವಾಹಿಗಳೆಲ್ಲ ನಮ್ಮ ಆರನೆಯ ವರ್ಣತಂತುವಿನ ಮೇಲೆ ಒಂದರ ಪಕ್ಕ ಒಂದು ಕೂತಿವೆ. ಆದ್ದರಿಂದ ಅವು ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಒಟ್ಟಿಗೇ ಮಕ್ಕಳಿಗೆ ಹೋಗುತ್ತವೆ. ಅಮ್ಮನ ಹತ್ತಿರ ಎರಡು ದಾರ, ಕೆಂಪು ಮತ್ತು ಹಳದಿ. ಅಪ್ಪನ ಹತ್ತಿರ ಎರಡು, ನೀಲಿ ಮತ್ತು ಬಿಳಿ. ಪ್ರತಿ ಮಗುವಿಗೂ ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಕೆಂಪು-ನೀಲಿ, ಕೆಂಪು-ಬಿಳಿ, ಹಳದಿ-ನೀಲಿ, ಹಳದಿ-ಬಿಳಿ. ನಾಲ್ಕೇ ಜೋಡಿ. (ಅಪರೂಪಕ್ಕೆ ದಾರ ತುಂಡಾಗಿ ಇನ್ನೊಂದಕ್ಕೆ ಗಂಟು ಬೀಳುವುದೂ ಉಂಟು, ಸದ್ಯ ಬಿಟ್ಟುಬಿಡಿ.) ಈ ಒಂದೊಂದು ದಾರಕ್ಕೆ ಚೆಪ್ಪೆಲ್ಲಿನಿ 'ಹ್ಯಾಪ್ಲೋಟೈಪ್' ಎಂದು ಹೆಸರು ಕೊಟ್ಟರು. ಅಪ್ಪನಲ್ಲಿರುವ ಗುರುತು ಮಕ್ಕಳಿಗೆ ಹೇಗೆ ಹೋಗಿದೆ ಎಂದು ನೋಡಿದರೆ ಯಾರ ಪರೀಕ್ಷೆ ಸರಿ, ಯಾವ ಎರಡು ಹೆಸರು ಒಂದೇ ವಸ್ತುವಿನದು ಎಂದು ತಾನಾಗಿ ಬಯಲಾಗುತ್ತಿತ್ತು.

"ಹಾಗಾದರೆ ಐದು ಮಕ್ಕಳಿದ್ದರೆ ಇಬ್ಬರಿಗಾದರೂ ಒಂದೇ ಜೋಡಿ ಬರಲೇಬೇಕು" ಎಂದಳು ಮೊಮ್ಮಗಳು. ಲೆಕ್ಕ ಸರಿಯಾಗಿದೆ. ಒಬ್ಬ ಅಣ್ಣನೋ ತಂಗಿಯೋ ನಮಗೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನನ್ನ ಕಾಲದಲ್ಲಿ ಮನೆಗೆ ಆರೇಳು ಮಕ್ಕಳು, ಹುಡುಕಿದರೆ ಸಿಗುವ ಆಸೆಯಿತ್ತು. ಈಗ ಮನೆಗೆ ಒಂದು ಮಗು, ಹೆಚ್ಚೆಂದರೆ ಎರಡು. ಮನೆಯಲ್ಲಿ ಸಿಗದಿದ್ದರೆ ಊರಲ್ಲಿ, ದೇಶದಲ್ಲಿ, ಪ್ರಪಂಚದಲ್ಲಿ ಹುಡುಕಬೇಕು. ಹಾಗೆ ಹುಡುಕುವುದಕ್ಕೆ ಎಲ್ಲರೂ ಒಪ್ಪುವ ಹೆಸರುಗಳು ಬೇಕೇ ಬೇಕು.

ಅಡ್ಡಗೆರೆಯ ಪಯಣ

1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ನಾಮಕರಣ ಸಮಿತಿಯೊಂದು ನ್ಯೂಯಾರ್ಕಿನಲ್ಲಿ ಸೇರಿತು. ಅಲ್ಲಿ ಕೂತವರೆಲ್ಲ ತಮ್ಮ ತಮ್ಮ ಹೆಸರಿಟ್ಟವರೇ. ದೋಸೆಯವರು ಈ ವ್ಯವಸ್ಥೆಗೆ 'ಹು-1' ಎನ್ನುತ್ತಿದ್ದರು, ಪೇನ್ ಮತ್ತು ಬಾಡ್ಮರ್ ದಂಪತಿ 'ಎಲ್‌ಎ' ಎನ್ನುತ್ತಿದ್ದರು. ಅದರಿಂದ ಒಂದಕ್ಷರ, ಇದರಿಂದ ಎರಡಕ್ಷರ ತೆಗೆದು 'ಎಚ್‌ಎಲ್-ಎ' ಎಂದಾಯಿತು. ಮ್ಯಾಕ್ ಹೋಯಿತು, ಎಲ್‌ಎ2 ಹೋಯಿತು, ಎರಡೂ ಸೇರಿ 'ಎಚ್‌ಎಲ್-ಎ2' ಹುಟ್ಟಿತು. ತಾನು ಕಂಡುಹಿಡಿದು ಇಟ್ಟ ಹೆಸರನ್ನು ತಾನೇ ಕೂತು ಅಳಿಸಿಹಾಕುವುದು ಸಣ್ಣ ವಿಷಯವಲ್ಲ. ದೋಸೆಯವರಿಗೆ 1980ರಲ್ಲಿ ಸ್ನೆಲ್ ಮತ್ತು ಬರೂಹ್ ಬೆನಸೆರಾಫ್ ಜೊತೆ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಮ್ಯಾಕ್ ಎಂಬ ಹೆಸರು ಚರಿತ್ರೆ ಸೇರಿಯಾಗಿತ್ತು.

ಸಮಿತಿ ನಂಬರು ಕೊಡುವಾಗ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆಯಿತು: 1, 2, 3, 5, 7, 8... ಆಮೇಲೆ ತಿಳಿಯಿತು, ಇವು ಒಂದೇ ವಂಶವಾಹಿಯ ಮಕ್ಕಳಲ್ಲ, ಅಕ್ಕಪಕ್ಕದ ಎರಡು ವಂಶವಾಹಿಗಳ ಮಕ್ಕಳು ಎಂದು. ಒಂದಕ್ಕೆ ಎ, ಇನ್ನೊಂದಕ್ಕೆ ಬಿ ಎಂದರು. ಆದರೆ ಕೊಟ್ಟ ನಂಬರು ಬದಲಿಸಲಿಲ್ಲ. ಅದಕ್ಕೇ ಇಂದಿಗೂ ಎ1, ಎ2, ಎ3 ಇವೆ, ಬಿ1, ಬಿ2, ಬಿ3 ಇಲ್ಲವೇ ಇಲ್ಲ! ಬಿ ಶುರುವಾಗುವುದೇ 5, 7, 8ರಿಂದ. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ತರಗತಿಯನ್ನು ವರ್ಷದ ಮಧ್ಯೆ ಎರಡು ವಿಭಾಗ ಮಾಡಿ, ಮಕ್ಕಳ ನಂಬರು ಹಾಗೆಯೇ ಬಿಟ್ಟರೆ ಏನಾಗುತ್ತದೋ ಅದೇ. ವಾನ್ ರೂಡ್ ಅವರ 4ಎ, 4ಬಿ ಮಾತ್ರ ಬಿಡಬ್ಲ್ಯು4, ಬಿಡಬ್ಲ್ಯು6 ಎಂಬ ವೇಷದಲ್ಲಿ ಇನ್ನೂ ಉಳಿದಿವೆ.

ಈ ನಡುವಿನ 'ಡಬ್ಲ್ಯು' ಏನು? ಹೊಸ ಗುರುತಿನ ಬಗ್ಗೆ ಅನುಮಾನವಿದ್ದಾಗ, ಇದು ಕಾರ್ಯಾಗಾರದಲ್ಲಿ ಇನ್ನೂ ಪರಿಶೀಲನೆಯಲ್ಲಿದೆ ಎಂದು ಸೂಚಿಸಲು ಸೇರಿಸುತ್ತಿದ್ದ ಅಕ್ಷರ. ಖಚಿತವಾದ ಮೇಲೆ ಡಬ್ಲ್ಯು ಬಿದ್ದುಹೋಗುತ್ತಿತ್ತು. ಮೂರನೆಯ ವಂಶವಾಹಿಯಾದ ಸಿ ಗುರುತುಗಳಲ್ಲಿ ಮಾತ್ರ ಬೀಳಲಿಲ್ಲ. ಯಾಕೆಂದರೆ ರಕ್ತದಲ್ಲಿ ಸಿ1, ಸಿ2, ಸಿ3 ಎಂಬ ಬೇರೆಯೇ ಪ್ರೋಟೀನುಗಳು ಮೊದಲೇ ಇದ್ದವು. ಅವುಗಳ ಜೊತೆ ಗೊಂದಲವಾಗಬಾರದೆಂದು ಸಿಡಬ್ಲ್ಯು1, ಸಿಡಬ್ಲ್ಯು2 ಎಂದೇ ಬಿಟ್ಟರು. ತರಗತಿಯಲ್ಲಿ ಇಬ್ಬರು ಮಂಜುನಾಥ ಇದ್ದರೆ ಒಬ್ಬನಿಗೆ ಇನಿಷಿಯಲ್ ಸೇರಿಸುವುದಿಲ್ಲವೇ?

1975ರಲ್ಲಿ ಅಡ್ಡಗೆರೆ ಒಂದಕ್ಷರ ಮುಂದಕ್ಕೆ ಸರಿಯಿತು. ಎಚ್‌ಎಲ್-ಎ ಇದ್ದದ್ದು ಎಚ್‌ಎಲ್‌ಎ-ಎ, ಎಚ್‌ಎಲ್‌ಎ-ಬಿ, ಎಚ್‌ಎಲ್‌ಎ-ಸಿ, ಎಚ್‌ಎಲ್‌ಎ-ಡಿ ಎಂದಾಯಿತು. ಎಚ್‌ಎಲ್‌ಎ ಮನೆತನದ ಹೆಸರು, ಗೆರೆಯ ನಂತರದ್ದು ಆ ಮನೆಯ ಸದಸ್ಯ.

ಅಷ್ಟರಲ್ಲಿ ಒಂದೊಂದೇ ಹೆಸರು ಒಡೆಯತೊಡಗಿತು. ಇನ್ನೂ ಚುರುಕಾದ ಸೀರಮ್ ಬಂದಾಗ, ಎ9 ಎಂದು ತಿಳಿದಿದ್ದವರಲ್ಲಿ ಕೆಲವರದು ಒಂದು ಬಗೆ, ಕೆಲವರದು ಇನ್ನೊಂದು ಬಗೆ ಎಂದು ಕಂಡಿತು. ಎ9 ಒಡೆದು ಎ23, ಎ24 ಆಯಿತು. ಬಿ5 ಒಡೆದು ಬಿ51, ಬಿ52. ಬಿ12 ಒಡೆದು ಬಿ44, ಬಿ45. ಅವಿಭಕ್ತ ಕುಟುಂಬ ಭಾಗವಾದ ಹಾಗೆ.

ನಕ್ಷತ್ರ, ಆಮೇಲೆ ಚುಕ್ಕಿಗಳು

1980ರ ದಶಕದಲ್ಲಿ ವಂಶವಾಹಿಯನ್ನೇ ನೇರವಾಗಿ ಓದುವ ವಿದ್ಯೆ ಬಂತು. ಎ2 ಎಂದು ಒಂದೇ ಹೆಸರಲ್ಲಿ ಕರೆಯುತ್ತಿದ್ದದ್ದು ಒಳಗೆ ಹಲವು ಬಗೆ ಎಂದು ತಿಳಿಯಿತು. ಸೀರಮ್ ಹೇಳಿದ ಗುರುತಲ್ಲ, ವಂಶವಾಹಿಯನ್ನು ಓದಿ ಕೊಟ್ಟ ಹೆಸರು ಇದು ಎಂದು ತಿಳಿಸಲು ಸೇರಿದ ಚಿಹ್ನೆಯೇ ಮೊಮ್ಮಗಳು ಕೇಳಿದ ನಕ್ಷತ್ರ. ಎ*0201 ಎಂದು ಬರೆದರು. ಮೊದಲ ಎರಡು ಅಂಕಿ ಗುಂಪು, ಮುಂದಿನ ಎರಡು ಆ ಗುಂಪಿನ ನಿರ್ದಿಷ್ಟ ಪ್ರೋಟೀನು. 1987ರಲ್ಲಿ ಹಾರ್ವರ್ಡಿನ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ, ಜಾಕ್ ಸ್ಟ್ರೋಮಿಂಜರ್ ಮತ್ತು ಸಂಗಡಿಗರು ಎಕ್ಸ್-ಕಿರಣಗಳಿಂದ ಒಂದು ಎಚ್‌ಎಲ್‌ಎ ತಟ್ಟೆಯ ಆಕಾರವನ್ನು ಮೊದಲ ಸಲ ಕಂಡರು. ಅದರ ತಗ್ಗಿನಲ್ಲಿ ಏನೋ ಚೂರು ಕೂತಿರುವುದೂ ಕಂಡಿತು. ಅವರು ಆರಿಸಿಕೊಂಡಿದ್ದು ಎ2, ಅಂದರೆ ದೋಸೆಯವರ ಹಳೆಯ ಮ್ಯಾಕ್.

ಎರಡು ಅಂಕಿಯಲ್ಲಿ 99ಕ್ಕಿಂತ ಹೆಚ್ಚು ಬರೆಯಲಾಗದು. ಅಷ್ಟು ಸಾಕು ಎಂದುಕೊಂಡಿದ್ದರು. ಸಾಲಲಿಲ್ಲ. ಎ*02 ಗುಂಪಿನಲ್ಲಿ ಜಾಗ ಮುಗಿದಾಗ ಎ*92 ಎಂಬ ಹೊಸ ಸಾಲು ತೆರೆದರು, ಬಿ*15 ತುಂಬಿದಾಗ ಬಿ*95. ನಮ್ಮಲ್ಲಿ ಗಾಡಿಗಳಿಗೆ 9999 ಮುಗಿದ ಮೇಲೆ ಮುಂದಿನ ಅಕ್ಷರ ಹಾಕುವುದಿಲ್ಲವೇ, ಹಾಗೆ. ಆದರೆ 92 ಎಂದರೆ 02ರ ಮುಂದುವರಿಕೆ ಎಂದು ಹೊಸಬರಿಗೆ ತಿಳಿಯುವುದು ಹೇಗೆ? 2010ರ ಏಪ್ರಿಲ್‌ನಲ್ಲಿ ಅಂಕಿಗಳ ನಡುವೆ ಎರಡು ಚುಕ್ಕಿ ಇಟ್ಟು ಇದನ್ನು ಬಗೆಹರಿಸಿದರು. ಎ*0201 ಎಂಬುದು ಎ*02:01 ಆಯಿತು, ಎ*9201 ಎಂಬುದು ಎ*02:101 ಎಂದು ತವರಿಗೆ ಮರಳಿತು. ಚುಕ್ಕಿ ಇದ್ದರೆ ಎಷ್ಟು ಅಂಕಿ ಬೇಕಾದರೂ ಬರೆಯಬಹುದು. ಇವತ್ತು ಎಲ್ಲ ಎಚ್‌ಎಲ್‌ಎ ವಂಶವಾಹಿಗಳ ಬಗೆಗಳು ಸೇರಿ 40 ಸಾವಿರ ದಾಟಿವೆ. ಮನುಷ್ಯನ ವಂಶವಾಹಿಗಳಲ್ಲೇ ಇಷ್ಟು ವೈವಿಧ್ಯ ಬೇರೆಲ್ಲೂ ಇಲ್ಲ.

ಪೂರ್ತಿ ಹೆಸರು ಇನ್ನೂ ಉದ್ದ. ಮೂರನೆಯ ಮತ್ತು ನಾಲ್ಕನೆಯ ಮನೆಗಳಲ್ಲಿ ಬರೆಯುವುದು ಪ್ರೋಟೀನನ್ನು ಬದಲಿಸದ ಸಣ್ಣಪುಟ್ಟ ವ್ಯತ್ಯಾಸಗಳು. ಕೊನೆಗೆ 'ಎನ್' ಎಂಬ ಅಕ್ಷರವಿದ್ದರೆ ಎಚ್ಚರ. ವಂಶವಾಹಿ ಇದೆ, ಆದರೆ ತಟ್ಟೆ ಹೊರಗೆ ಬರುವುದೇ ಇಲ್ಲ ಎಂದರ್ಥ. ಮನೆಗೆ ನಂಬರಿದೆ, ಒಳಗೆ ಯಾರೂ ಇಲ್ಲ.

ಒಂದು ಅಂಕಿ ತಪ್ಪಿದರೆ

ಇಷ್ಟು ಸೂಕ್ಷ್ಮ ಯಾಕೆ ಎಂದು ಅನ್ನಿಸಿದರೆ ಒಂದು ಔಷಧಿಯ ವಿಷಯ ಹೇಳುತ್ತೇನೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಎಂಬ ಮಾತ್ರೆ ಬಹಳ ಜನಕ್ಕೆ ಒಗ್ಗುತ್ತದೆ. ಕೆಲವೇ ಕೆಲವರಿಗೆ ಅದರಿಂದ ಚರ್ಮ ಸುಟ್ಟ ಹಾಗೆ ಏಳುವ, ಪ್ರಾಣಕ್ಕೇ ಎರವಾಗುವ ತೊಂದರೆ ಬರುತ್ತದೆ. 2004ರಲ್ಲಿ ತೈವಾನಿನ ಸಂಶೋಧಕರು ಅಂಥವರಲ್ಲಿ ಬಿ*15:02 ಇರುವುದನ್ನು ಕಂಡರು. ಪಕ್ಕದ ಬಿ*15:01 ಇದ್ದವರಿಗೆ ಆ ಅಪಾಯವಿಲ್ಲ. ಹಳೆಯ ಕಾಲದ ಹಾಗೆ ಬಿ15 ಎಂದಷ್ಟೇ ಬರೆದಿದ್ದರೆ ಇಬ್ಬರೂ ಒಂದೇ ಲೆಕ್ಕ. ಬಿ*15:02 ಏಷ್ಯಾದ ಹಲವು ಜನಸಮುದಾಯಗಳಲ್ಲಿ ಕಾಣುತ್ತದೆ, ಭಾರತದಲ್ಲೂ ಇದೆ. (ಈ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬೇಡಿ. ಅದು ಡಾಕ್ಟರರ ಜೊತೆ ಮಾತಾಡಬೇಕಾದ ವಿಷಯ.)

ಅಸ್ಥಿಮಜ್ಜೆಯ ಕಸಿಯಲ್ಲಂತೂ ಹೆಸರುಗಳು ಬಹಳ ಹತ್ತಿರದಿಂದ ಹೊಂದಬೇಕು. ಕಿಡ್ನಿಗೆ ಈಗ ಒಳ್ಳೆಯ ಔಷಧಿಗಳಿವೆ, ಪೂರ್ತಿ ಹೊಂದದಿದ್ದರೂ ನಡೆಯುತ್ತದೆ. ಆದರೆ ಮಜ್ಜೆಯೆಂದರೆ ಕಾವಲುಗಾರರನ್ನೇ ತಯಾರಿಸುವ ಕಾರ್ಖಾನೆ. ಬೇರೆಯವರ ಕಾವಲುಗಾರರನ್ನು ಮನೆಯೊಳಗೆ ಬಿಟ್ಟುಕೊಂಡರೆ ಅವರು ಮನೆಯನ್ನೇ ಹಗೆ ಎಂದು ತಿಳಿಯಬಹುದು.

ಏಳು ವರ್ಷದ ಹುಡುಗ ಎಂದೆನಲ್ಲ, ಅವನ ಹೆಸರು ಆಂಟನಿ ನೋಲನ್. ಹುಟ್ಟಿದ್ದು 1971ರಲ್ಲಿ. ರೋಗನಿರೋಧಕ ಶಕ್ತಿಯನ್ನೇ ಕುಂದಿಸುವ, ಹುಟ್ಟಿನಿಂದ ಬಂದ ಅಪರೂಪದ ಕಾಯಿಲೆ ಅವನಿಗೆ. ಬೇರೆಯವರ ಮಜ್ಜೆ ಕಸಿ ಮಾಡಿದರೆ ಉಳಿಯಬಹುದಿತ್ತು. ಮನೆಯವರಲ್ಲಿ ಯಾರದೂ ಹೊಂದಲಿಲ್ಲ. ತಾಯಿ ಶರ್ಲಿ ನೋಲನ್ 1974ರಲ್ಲಿ ಲಂಡನ್ನಿನಲ್ಲಿ, ದಾನ ಮಾಡಲು ಮುಂದೆ ಬಂದವರ ಗುರುತುಗಳನ್ನು ಬರೆದಿಡುವ ಒಂದು ಪಟ್ಟಿ ಶುರುಮಾಡಿದರು. ನೆಂಟರಲ್ಲದವರು ನೆಂಟರಲ್ಲದವರಿಗೆ ಮಜ್ಜೆ ಕೊಡಲು ಹೆಸರು ಬರೆಸುವ ಇಂಥ ಪಟ್ಟಿ ಪ್ರಪಂಚದಲ್ಲಿ ಅದೇ ಮೊದಲು. ಪಟ್ಟಿ ಬೆಳೆಯಿತು. ಆಂಟನಿಗೆ ಹೊಂದುವವರು ಮಾತ್ರ ಅದರಲ್ಲಿ ಬರಲಿಲ್ಲ. 1979ರಲ್ಲಿ ಅವನು ತೀರಿಕೊಂಡ. ತಾಯಿ ಪಟ್ಟಿಯನ್ನು ಮುಚ್ಚಲಿಲ್ಲ. ಆ ಪಟ್ಟಿಯಿಂದ ಮುಂದೆ ಬೇರೆ ಬೇರೆ ಮನೆಗಳ ಸಾವಿರಾರು ಜನರಿಗೆ ದಾನಿಗಳು ಸಿಕ್ಕಿದರು. ಆ ಹುಡುಗನ ಹೆಸರಿನ ಸಂಸ್ಥೆ ಲಂಡನ್ನಿನಲ್ಲಿದೆ. ಪ್ರಪಂಚದ ಯಾವ ಮೂಲೆಯಲ್ಲಿ ಹೊಸ ಎಚ್‌ಎಲ್‌ಎ ಬಗೆ ಸಿಕ್ಕರೂ ಅದರ ವಿವರ ಹೋಗುವುದು ಈ ಸಂಸ್ಥೆಯವರು ನೋಡಿಕೊಳ್ಳುವ ದತ್ತಸಂಚಯಕ್ಕೆ. ಪರಿಶೀಲಿಸಿ ನಂಬರು ಕೊಡುವುದು ಅಲ್ಲಿಂದಲೇ. 1998ರಿಂದ ಹೀಗೆ ನಡೆಯುತ್ತಿದೆ. ತಪ್ಪೆಂದು ತಿಳಿದು ತೆಗೆದುಹಾಕಿದ ನಂಬರನ್ನು ಮತ್ತೆ ಯಾರಿಗೂ ಕೊಡುವುದಿಲ್ಲ.

ಆಂಟನಿಯ ಊರಿನ ಪಟ್ಟಿ ಎಷ್ಟೇ ದೊಡ್ಡದಾದರೂ ನಮ್ಮವರಿಗೆ ಅದರಿಂದ ಪೂರ್ತಿ ಉಪಯೋಗವಿಲ್ಲ. ಯುರೋಪಿನವರಲ್ಲಿ ಎ2 ಎಂದರೆ ಬಹುಪಾಲು ಎ*02:01. ಭಾರತದಲ್ಲಿ ಎ*02:11 ಕೂಡ ಸಾಮಾನ್ಯ, ಯುರೋಪಿನವರಲ್ಲಿ ಅದು ಅಪರೂಪ. ನಮ್ಮ ನೆಂಟರ ವರದಿಯಲ್ಲಿ ಇದ್ದದ್ದೂ ಅದೇ. ನಮ್ಮ ದಾರಗಳ ಮಣಿಗಳು ನಮ್ಮ ಜನರಲ್ಲೇ ಹೆಚ್ಚು ಸಿಗುವುದು. ಅದಕ್ಕಾಗಿ ನಮ್ಮಲ್ಲೂ ಪಟ್ಟಿಗಳಿವೆ. ಬೆಂಗಳೂರಿನಲ್ಲಿ ಡಿಕೆಎಂಎಸ್ ಪ್ರತಿಷ್ಠಾನ, ಚೆನ್ನೈಯಲ್ಲಿ ದಾತ್ರಿ. ಹದಿನೆಂಟು ತುಂಬಿದ ಆರೋಗ್ಯವಂತರು ಸೇರಬಹುದು. ನನ್ನ ವಯಸ್ಸಿನವರನ್ನು ತೆಗೆದುಕೊಳ್ಳುವುದಿಲ್ಲ, ಮೊಮ್ಮಗಳು ಇನ್ನೂ ಆರು ವರ್ಷ ಕಾಯಬೇಕು. ಅವಳ ಅಪ್ಪ-ಅಮ್ಮ ಹೋಗಿ ಬಂದರು. ಸೂಜಿ ಚುಚ್ಚುವುದಿಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಬದಿಗೆ ಸ್ವಲ್ಪ ಹೊತ್ತು ಉಜ್ಜಿಕೊಳ್ಳುತ್ತಾರೆ, ಅದನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತಾರೆ. ಮುಂದೆ ಯಾರಿಗಾದರೂ ಹೊಂದಿತು ಎಂದು ಕರೆ ಬಂದರೆ, ಈಗ ಹೆಚ್ಚಿನ ಸಲ ತೋಳಿನ ರಕ್ತನಾಳದಿಂದಲೇ ಕಾಂಡಕೋಶಗಳನ್ನು ಬೇರ್ಪಡಿಸಿ ತೆಗೆಯುತ್ತಾರೆ. ಕೊಟ್ಟದ್ದನ್ನು ಮೈ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಕರೆ ಬರದೆಯೂ ಇರಬಹುದು. ಎ, ಬಿ, ಸಿ, ಡಿಆರ್, ಡಿಕ್ಯೂ, ಪ್ರತಿಯೊಂದರ ಮುಂದೆಯೂ ಎರಡೆರಡು ಹೆಸರು, ಒಂದು ಅಮ್ಮನ ಕಡೆಯದು, ಒಂದು ಅಪ್ಪನ ಕಡೆಯದು, ಆ ಪಟ್ಟಿಯಲ್ಲಿ ಹಾಗೇ ಕಾಯುತ್ತಿರುತ್ತವೆ.